ಮತ್ತೆ ಬರ್ತೀವಿ ಅಂದವರ ಪುಸ್ತಕ

ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಯ ಒಂದು ಗುಡ್ಡದ ಊರಿನ ಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಒಂದು ನೋಟ್‌ಬುಕ್ ಇದೆ. ಒಲೆ ಹೊಗೆಗೆ ಅದರ ರಟ್ಟು ಕಂದಾಗಿದೆ. ಒಳಗೆ ಇಂಗ್ಲಿಷ್ ಬರಹ ಜಾಸ್ತಿ, ಹಿಂದಿ ಸ್ವಲ್ಪ, ನನಗೆ ಓದೋಕೆ ಬಾರದ ಲಿಪಿಗಳು ಇನ್ನಷ್ಟು. ಭೂಕಂಪ ಆದಮೇಲೆ ಆ ಊರಿಗೆ ಸಹಾಯಕ್ಕೆ ಅಂತ ಬಂದವರೆಲ್ಲ ಹೊರಡುವ ದಿನ ಅದರಲ್ಲಿ ನಾಲ್ಕು ಸಾಲು ಬರೆಯಬೇಕು. ಆ ಮನೆಯ ಯಜಮಾನರ ಹಠ ಅದು. ಹೆಚ್ಚುಕಮ್ಮಿ ಎಲ್ಲರೂ ಬರೆದಿರುವುದು ಒಂದೇ ಮಾತು. ಮತ್ತೆ ಬರ್ತೀವಿ.

ಕನ್ನಡದಲ್ಲೂ ಒಂದು ಪುಟ ಇದೆ. 2016ರ ಮಾರ್ಚ್‌ನಲ್ಲಿ ನಾನೇ ಬರೆದದ್ದು. ಅದರಲ್ಲೂ ಅದೇ ಮಾತು.

ನಾನು ಚಿತ್ರದುರ್ಗದವನು. ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ಪಾಯ ತೆಗೆಸುವುದು, ಮೇಸ್ತ್ರಿಗಳ ಹಿಂದೆ ಅಲೆಯುವುದು, ಮನೆ ಓನರ್ ಹತ್ತಿರ ಬೈಸಿಕೊಳ್ಳುವುದು, ಇಷ್ಟೇ. ಸೇವೆಯ ತುಡಿತದಿಂದ ನೇಪಾಳಕ್ಕೆ ಹೋದೆ ಅಂದರೆ ಸುಳ್ಳಾಗುತ್ತದೆ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿಗೆ ಬೆಂಗಳೂರಿನ ಒಂದು ತಂಡದ ಪರಿಚಯವಿತ್ತು. ಅವರು ಅಲ್ಲಿ ಶಾಲೆ ಕೋಣೆ ಕಟ್ಟೋಕೆ ಹೊರಟಿದ್ದರು. "ಬಾರೋ, ನಿನಗೂ ಕೆಲಸ ಗೊತ್ತು. ಹಿಮಾಲಯನಾದ್ರೂ ನೋಡಿದ ಹಾಗಾಗುತ್ತೆ" ಅಂದ. ನನ್ನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಬೇಕಾಗಿಲ್ಲ, ವೋಟರ್ ಐಡಿ ಸಾಕು ಅಂದ. ಅಷ್ಟಕ್ಕೇ ಹೊರಟೆ.

ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಎರಡು ರಾತ್ರಿ. ಅಲ್ಲಿಂದ ಸುನೌಲಿ. ಗೇಟು ದಾಟಿ ನಡೆದುಕೊಂಡೇ ವಿದೇಶಕ್ಕೆ ಹೋದೆವು. ವಾಚು ಹದಿನೈದು ನಿಮಿಷ ಮುಂದಿಟ್ಟುಕೊಂಡಾಗ ಮಾತ್ರ ಬೇರೆ ದೇಶ ಅನ್ನಿಸಿತು. ನನ್ನ ಗೆಳೆಯ ದಾವಣಗೆರೆಯಿಂದ ನಾಲ್ಕು ಕೆಜಿ ಮಂಡಕ್ಕಿ ಹೊತ್ತು ತಂದಿದ್ದ. ಮಂಡಕ್ಕಿ ನಾಲ್ಕು ಕೆಜಿ ಅಂದರೆ ಎಷ್ಟು ದೊಡ್ಡ ಮೂಟೆ ಅಂತ ನಿಮಗೆ ಗೊತ್ತಲ್ವಾ? ರೈಲಿನ ಜನ, ಬಸ್ಸಿನ ಕಂಡಕ್ಟರು, ಗಡಿಯ ಪೊಲೀಸರು, ಎಲ್ಲರೂ ಅದನ್ನು ಒಂದು ಸಲ ಒತ್ತಿ ನೋಡಿದವರೇ. ಊರು ತಲುಪಿ ಬಿಚ್ಚಿದರೆ ಅಲ್ಲಿನ ಮಕ್ಕಳು "ಭುಜಾ!" ಅಂತ ಕೂಗಿದರು. ಅದು ಅಲ್ಲೂ ಸಿಗುತ್ತದೆ. ಅವನ ಮುಖ ನೋಡಬೇಕಿತ್ತು.

ಭೂಕಂಪ ಆಗಿದ್ದು 2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ. ತೀವ್ರತೆ 7.8. ಅವರ ಪಂಚಾಂಗದಲ್ಲಿ 2072ರ ವೈಶಾಖ 12. ಅದಕ್ಕೇ ಅಲ್ಲಿ ಯಾರೂ ಭೂಕಂಪ ಅನ್ನುವುದಿಲ್ಲ, "ಬಾಹ್ರ ಬೈಸಾಖ್" ಅಂದರೆ ಸಾಕು. ನೇಪಾಳದಲ್ಲಿ ವಾರದ ರಜೆ ಶನಿವಾರ. ಶಾಲೆಗಳು ಖಾಲಿ ಇದ್ದವು. ಆ ರಜೆ ಉಳಿಸಿದ ಮಕ್ಕಳ ಲೆಕ್ಕ ಯಾರೂ ಇಟ್ಟಿಲ್ಲ. ಮೇ 12ಕ್ಕೆ ಮತ್ತೆ 7.3. ಎರಡೂ ಸೇರಿ ಸತ್ತವರು ಸುಮಾರು 9,000. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಂಧುಪಾಲ್ಚೋಕ್‌ನವರು.

ನಾವು ಹೋದಾಗ ಹತ್ತು ತಿಂಗಳು ಕಳೆದಿತ್ತು. ಊರಿಗೆ ಊರೇ ತಗಡಿನ ಗುಡಿಸಲಲ್ಲಿತ್ತು. ನಮ್ಮ ತಂಡದಲ್ಲಿ ಹನ್ನೊಂದು ಜನ. ಬಸ್ಸಿಳಿದ ಕೂಡಲೇ ಚೆಂಡುಹೂವಿನ ಮಾಲೆ ಹಾಕಿ ಹಣೆಗೆ ಕುಂಕುಮ ಇಟ್ಟರು. ಇನ್ನೂ ಒಂದು ಕಲ್ಲು ಎತ್ತಿರಲಿಲ್ಲ, ಆಗಲೇ ಸನ್ಮಾನ. ಮಾಲೆ ಹಾಕಿದ ಅಜ್ಜಿಯ ಮನೆ ಇದ್ದ ಜಾಗದಲ್ಲಿ ಬರೀ ಕಲ್ಲುಗುಡ್ಡೆ ಇತ್ತು. ನನಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ.

ಅದರ ಮೇಲೆ ಇನ್ನೊಂದು ಮುಜುಗರ. ಅದಕ್ಕೆ ಸ್ವಲ್ಪ ಮುಂಚೆ ಐದು ತಿಂಗಳು ನಮ್ಮ ಕಡೆಯಿಂದ ಅವರಿಗೆ ಪೆಟ್ರೋಲು, ಗ್ಯಾಸು, ಔಷಧಿ ಸರಿಯಾಗಿ ಹೋಗಿರಲಿಲ್ಲ. ಗಡಿಯಲ್ಲಿ ಮಧೇಶಿಗಳ, ಅಂದರೆ ನೇಪಾಳದ ದಕ್ಷಿಣದ ಬಯಲಿನ ಜನರ, ಪ್ರತಿಭಟನೆ, ಅದಕ್ಕೆ ಲಾರಿ ಹೋಗುತ್ತಿಲ್ಲ ಅಂತ ದೆಹಲಿ ಹೇಳುತ್ತಿತ್ತು. ದೆಹಲಿಯೇ ತಡೆದಿದೆ ಅಂತ ಅಲ್ಲಿನವರು ನಂಬಿದ್ದರು. ಚಹಾ ಅಂಗಡಿಯಲ್ಲಿ ಒಬ್ಬ ಹುಡುಗ ನೇರವಾಗಿ ಕೇಳಿಯೇಬಿಟ್ಟ. "ಗ್ಯಾಸ್ ನಿಲ್ಲಿಸಿದವರು ನೀವೇ, ಶಾಲೆ ಕಟ್ಟೋಕೆ ಬಂದವರೂ ನೀವೇನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ಕುಡಿದು ದುಡ್ಡು ಕೊಟ್ಟು ಎದ್ದು ಬಂದೆ.

ಕೆಲಸಕ್ಕೆ ಬರೋಣ. ಶಾಲೆಗೆ ಎರಡು ಕೋಣೆ, ಸೊಂಟದೆತ್ತರದ ತನಕ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ತಗಡು. ಮುಖ್ಯ ಮೇಸ್ತ್ರಿ ಅದೇ ಊರಿನವರು, ಆ ನೋಟ್‌ಬುಕ್ಕಿನ ಯಜಮಾನರು. ಅಲ್ಲಿ ಮೇಸ್ತ್ರಿಗೆ ಮಿಸ್ತ್ರಿ ಅಂತಲೂ ಅಂತಾರೆ, ಡಕರ್ಮಿ ಅಂತಲೂ ಅಂತಾರೆ. ನನಗಿಂತ ಎಂಟು ವರ್ಷ ದೊಡ್ಡವರು. ಹರೆಯದಲ್ಲಿ ದೆಹಲಿಯಲ್ಲಿ ದುಡಿದು ಹಿಂದಿ ಕಲಿತವರು. ನಾನು ಅವರನ್ನು ದಾಯ್ ಅನ್ನುತ್ತೇನೆ. ದಾಯ್ ಅಂದರೆ ಅಣ್ಣ. ಅವರು ನನ್ನನ್ನು ಭಾಯ್ ಅನ್ನುತ್ತಾರೆ. ಅಲ್ಲಿ ಹಾಗಂದರೆ ತಮ್ಮ.

ನಾನು ಹೋದವನೇ ಮಣ್ಣಿನ ಗಾರೆ ಬೇಡ, ಸಿಮೆಂಟ್ ಹಾಕಿ ಅಂತ ಉಪದೇಶ ಶುರು ಮಾಡಿದೆ. ದಾಯ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೆಳಗಿನ ರಸ್ತೆ ತೋರಿಸಿ, "ಮೂಟೆ ಅಲ್ಲಿವರೆಗೆ ಬರುತ್ತೆ ಭಾಯ್, ಅಲ್ಲಿಂದ ಇಲ್ಲಿಗೆ ನೀನು ಹೊರ್ತೀಯಾ?" ಅಂದರು. ಎರಡು ಗಂಟೆ ಏರುದಾರಿ. ನಾನು ಸುಮ್ಮನಾದೆ.

ಒಂದು ದಿನ ನನಗೂ ಆರು ಅಡಿ ಗೋಡೆ ಬಿಟ್ಟುಕೊಟ್ಟರು. ಹುಮ್ಮಸ್ಸಿನಿಂದ ಕಟ್ಟಿದೆ. ಗುಂಡು ಬಿಟ್ಟು, ದಾರ ಹಿಡಿದು, ಮಟ್ಟ ನೋಡುವ ರಸಮಟ್ಟ ಇಟ್ಟು, ಒಂದು ಕೂದಲೆಳೆ ವಾರೆ ಇರಲಿಲ್ಲ. ಫೋಟೊ ಹೊಡೆಸಿಕೊಂಡು ಮನೆಗೂ ಕಳಿಸಿದೆ. ಮಾರನೆ ದಿನ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ಗೋಡೆ ಇಲ್ಲ. ಕಲ್ಲೆಲ್ಲ ಪಕ್ಕದಲ್ಲಿ ಓರಣವಾಗಿ ಜೋಡಿಸಿಟ್ಟಿತ್ತು. ದಾಯ್ ಬೆಳಕು ಹರಿಯುವ ಮುಂಚೆ ಬಂದು ಒಬ್ಬರೇ ಬಿಚ್ಚಿದ್ದರು. ತಂಡದವರ ಮುಂದೆ ನನಗೆ ಅವಮಾನ ಆಗಬಾರದು ಅಂತ.

ಯಾಕೆ ಬಿಚ್ಚಿದರು ಅಂತ ಹೇಳಬೇಕು, ಯಾಕಂದರೆ ಇಡೀ ಜಿಲ್ಲೆ ಬಿದ್ದದ್ದು ಅದೇ ಕಾರಣಕ್ಕೆ. ಅಲ್ಲಿನ ಕಲ್ಲಿನ ಗೋಡೆಗೆ ಎರಡು ಮೈ. ಹೊರಗಿನ ಸಾಲು ಒಂದು, ಒಳಗಿನ ಸಾಲು ಒಂದು, ನಡುವೆ ಚೂರುಗಲ್ಲು, ಮಣ್ಣು. ನೋಡೋಕೆ ಒಂದೇ ಗೋಡೆ. ನೆಲ ಅಲುಗಿದಾಗ ಎರಡೂ ಮೈ ಬಿಟ್ಟುಕೊಂಡು ಒಂದು ಒಳಗೆ, ಒಂದು ಹೊರಗೆ ಬೀಳುತ್ತದೆ. ಅದಕ್ಕೆ ಅಲ್ಲಲ್ಲಿ ಈ ಮೈಯಿಂದ ಆ ಮೈಗೆ ಹಾಯುವ ಉದ್ದ ಕಲ್ಲು ಇಡಬೇಕು. ನಾನು ಒಂದೂ ಇಟ್ಟಿರಲಿಲ್ಲ. ನಮ್ಮ ಚಿತ್ರದುರ್ಗ ಇರುವುದು ಭೂಕಂಪದ ಭಯ ಅತಿ ಕಡಿಮೆ ಇರುವ ಎರಡನೇ ವಲಯದಲ್ಲಿ. ಅಷ್ಟು ವರ್ಷದ ಕೆಲಸದಲ್ಲಿ ಗೋಡೆ ನೆಟ್ಟಗೆ ನಿಲ್ಲಬೇಕು ಅಂತ ಕಲಿತಿದ್ದೆನೇ ಹೊರತು, ಅದು ಕುಣಿಯಬೇಕಾದೀತು ಅಂತ ಯೋಚನೆ ಮಾಡಿರಲಿಲ್ಲ.

ಇಪ್ಪತ್ತೆರಡು ದಿನ ಇದ್ದೆವು. ಲೆಕ್ಕ ಹಾಕಿ ನೋಡಿದ್ದೇನೆ. ನಮ್ಮ ಹನ್ನೊಂದು ಜನರ ರೈಲು, ಬಸ್ಸು, ವಿಮಾನದ ಖರ್ಚನ್ನು ಸುಮ್ನೆ ಕಳಿಸಿದ್ದರೆ ಊರಿನ ಮೇಸ್ತ್ರಿಗಳಿಗೇ ಕೂಲಿ ಸಿಗುತ್ತಿತ್ತು, ಕೋಣೆಯೂ ಬೇಗ ಏಳುತ್ತಿತ್ತು. ಇದನ್ನು ತಂಡದಲ್ಲಿ ಹೇಳಿದಾಗ ಕೆಲವರಿಗೆ ಸಿಟ್ಟು ಬಂತು. ಬರಲಿ. ಹೊರಡುವ ದಿನ ನೋಟ್‌ಬುಕ್ ಬಂತು. ಎಲ್ಲರ ಕಣ್ಣಲ್ಲೂ ನೀರು. ಮತ್ತೆ ಬರ್ತೀವಿ ಅಂತ ಬರೆದೆವು. ನಾನು ಕನ್ನಡದಲ್ಲಿ ಬರೆದೆ, ಯಾರಿಗೂ ಓದೋಕೆ ಬರಲ್ಲ ಅನ್ನುವ ಧೈರ್ಯದ ಮೇಲೆ. ದಾಯ್ ಬೆರಳಿಟ್ಟು "ಏನಿದೆ?" ಅಂದರು. ಹೇಳಿದೆ. "ಎಲ್ಲರೂ ಹಾಗೇ ಬರೀತಾರೆ" ಅಂತ ನಕ್ಕು ಪುಸ್ತಕ ಮುಚ್ಚಿದರು. ಅದರಲ್ಲಿ ಕೊಂಕು ಇರಲಿಲ್ಲ. ಆದರೆ ಗೋರಖ್‌ಪುರದ ತನಕ ಅದೇ ಕಿವಿಯಲ್ಲಿತ್ತು. ನನ್ನ ರಸಮಟ್ಟ ಅಲ್ಲೇ ಬಿಟ್ಟುಬಂದಿದ್ದೆ. ಬೇಕಂತಲೇ ಬಿಟ್ಟೆನೋ ಮರೆತೆನೋ, ಈಗ ಹೇಳೋದು ಕಷ್ಟ.

ಊರಿಗೆ ಬಂದ ಮೊದಲ ವಾರ. ರಾತ್ರಿ ಎರಡು ಗಂಟೆ. ನಮ್ಮ ಬೀದಿಯಲ್ಲಿ ಗೂರ್ಖಾ ಸೀಟಿ ಊದಿಕೊಂಡು, ಕರೆಂಟ್ ಕಂಬಕ್ಕೆ ಕೋಲು ಬಡಿದುಕೊಂಡು ಹೋದ. ದಿನಾ ಕೇಳುವ ಸದ್ದು. ಅವತ್ತು ಎದ್ದು ಕೂತೆ. ಒಂಬತ್ತು ವರ್ಷದಿಂದ ಈ ಮನುಷ್ಯ ತಿಂಗಳಿಗೊಮ್ಮೆ ಗೇಟಿನ ಮುಂದೆ ನಿಂತು "ಸಾಬ್" ಅಂತಾನೆ. ಮೂವತ್ತು ರೂಪಾಯಿ ಕೊಡುತ್ತೇವೆ. ಚಿಲ್ಲರೆ ಇಲ್ಲ ಅಂತ ಎಷ್ಟೋ ಸಲ ನಾಳೆ ಬಾ ಅಂದಿದ್ದೇವೆ. ಅವನ ಊರು ಯಾವುದು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನೇಪಾಳಿಗಳ ಜೊತೆ ಊಟ ಮಾಡೋಕೆ ಮೂರು ದಿನ ಪ್ರಯಾಣ ಮಾಡಿ ಬಂದಿದ್ದೆ!

ಮುಂದಿನ ಸಲ ದುಡ್ಡಿಗೆ ಬಂದಾಗ ಕೇಳಿದೆ. ಅಛಾಮ್ ಅಂದ. ದೂರದ ಪಶ್ಚಿಮದ ಜಿಲ್ಲೆ, ಭೂಕಂಪ ಅಲ್ಲಿ ಅಷ್ಟು ಹೊಡೆದಿರಲಿಲ್ಲ. ನನಗೆ ಬರುತ್ತಿದ್ದ ಒಂದೇ ನೇಪಾಳಿ ಕುಶಲಪ್ರಶ್ನೆ ಕೇಳಿದೆ. "ಖಾನಾ ಖಾನುಭಯೋ?" ಅಂದರೆ ಊಟ ಆಯ್ತಾ? ನಮ್ಮ ಹಾಗೇ ಅವರೂ ಎದುರಿಗೆ ಸಿಕ್ಕವರನ್ನು ಊಟದಿಂದಲೇ ಮಾತಾಡಿಸುತ್ತಾರೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಸಾಬ್‌ಗೆ ಏನೋ ಆಗಿದೆ ಅಂದುಕೊಂಡಿರಬೇಕು. ಆಮೇಲೆ ಅವನ ಮುಖ ಅರಳಿದ್ದು ನೋಡಿ ನನಗೆ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯಿತು.

2017ರ ನವೆಂಬರ್‌ನಲ್ಲಿ ಎರಡನೇ ಸಲ ಹೋದೆ. ಒಬ್ಬನೇ. ಗೆಳೆಯನಿಗೆ ಅಂಗಡಿ ಬಿಟ್ಟು ಬರೋಕೆ ಆಗಲಿಲ್ಲ. ಈ ಸಲ ಯಾವ ತಂಡವೂ ಇಲ್ಲ. ಮಾಲೆ ಇಲ್ಲ, ಕುಂಕುಮ ಇಲ್ಲ. ಏರುದಾರಿ ಹತ್ತಿ ಏದುಸಿರು ಬಿಡುತ್ತಾ ಅಂಗಳಕ್ಕೆ ಕಾಲಿಟ್ಟರೆ ದಾಯ್ ತಾಯಿ, ಅಂದರೆ ಆಮಾ, ಒಂದು ಕ್ಷಣ ನೋಡಿದರು. "ಬಂದ್ಯಾ? ಆ ಡೋಕೋ ಎತ್ಕೊಂಡು ಬಾ, ಗದ್ದೆಗೆ ಹೋಗ್ಬೇಕು" ಅಂದರು. ಡೋಕೋ ಅಂದರೆ ಬೆನ್ನಿಗೆ ಹೊರುವ ಬಿದಿರು ಬುಟ್ಟಿ, ಅದರ ಪಟ್ಟಿ ಹಣೆಗೆ ಬರುತ್ತದೆ. ಬ್ಯಾಗು ಇಳಿಸಿ ಡೋಕೋ ಏರಿಸಿಕೊಂಡೆ. ಆ ಚೆಂಡುಹೂವಿನ ಮಾಲೆಗಿಂತ ಇದು ನನಗೆ ಹಿತವಾಗಿತ್ತು.

ಗದ್ದೆಯಲ್ಲಿ ಇದ್ದದ್ದು ರಾಗಿ! ಅವರು ಕೋದೋ ಅನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳಲ್ಲಿ, ಹಿಂದೆ ಹಿಮದ ಬೆಟ್ಟ ಇಟ್ಟುಕೊಂಡು, ಥೇಟ್ ನಮ್ಮ ಹೊಸದುರ್ಗದ ಕಡೆಯ ಹಾಗೆ ಬಗ್ಗಿ ನಿಂತ ತೆನೆ. ನಾನು ಅಲ್ಲೇ ಒಂದು ತೆನೆ ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಬಾಯಿಗೆ ಹಾಕಿಕೊಂಡೆ. ಮೊಬೈಲಲ್ಲಿ ಅಮ್ಮನಿಗೆ ತೋರಿಸಿದೆ. "ತೆನೆ ಸಣ್ಣ ಬಂದಿದೆ. ಮಳೆ ಕಡಿಮೆನಾ ಅಂತ ಕೇಳು" ಅಂದಳು. ಇಬ್ಬರು ಅಮ್ಮಂದಿರ ಮಧ್ಯೆ ಮೊಟ್ಟಮೊದಲ ಮಾತು ಹೀಗೆ ಮಳೆ ವಿಚಾರಕ್ಕೆ ಆಯಿತು, ನಾನು ಅನುವಾದಕ.

ರಾತ್ರಿ ಆ ಹಿಟ್ಟಿನದೇ ಢಿಂಡೋ. ಕಬ್ಬಿಣದ ಬಾಣಲೆಯಲ್ಲಿ ನೀರು ಮರಳಿಸಿ, ಹಿಟ್ಟು ಸುರಿದು, ಮರದ ಸಟ್ಟುಗದಲ್ಲಿ ತಿರುವೋದು. ಗಂಟಾಗದ ಹಾಗೆ ಆಮಾ ಬಾಣಲೆಯನ್ನು ಕಾಲಲ್ಲಿ ಒತ್ತಿ ಹಿಡಿದು ತಿರುವುತ್ತಿದ್ದ ರೀತಿ, ನಮ್ಮ ಅಜ್ಜಿ ಮುದ್ದೆ ಕೋಲು ಹಿಡಿದ ರೀತಿಯೇ. ಆದರೆ ಅವರು ಉಂಡೆ ಕಟ್ಟಲ್ಲ. ತಟ್ಟೆಗೆ ರಾಶಿಯಾಗಿ ಹಾಕಿ, ಪಕ್ಕಕ್ಕೆ ಗುಂದ್ರುಕ್ ಸಾರು, ಅಂದರೆ ಸೊಪ್ಪು ಹುಳಿ ಬರಿಸಿ ಒಣಗಿಸಿದ್ದು. ನಾನು ಕೈಗೆ ನೀರು ಮುಟ್ಟಿಸಿಕೊಂಡು, ನನ್ನ ಪಾಲನ್ನು ತಟ್ಟೆಯಲ್ಲೇ ಹೊರಳಿಸಿ ದುಂಡಗೆ ಮುದ್ದೆ ಕಟ್ಟಿದೆ. ಮನೆಮಂದಿ ಊಟ ಬಿಟ್ಟು ನೋಡಿದರು. ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಆಮಾಗೆ ನಗು ತಡೆಯೋಕೆ ಆಗಲಿಲ್ಲ. ಪಟ್ಟಣದಿಂದ ಬಂದವರು ಢಿಂಡೋ ಅಗಿಯುತ್ತಾರಂತೆ, ಅದೇ ಅವರಿಗೆ ಬೇಜಾರು.

ಆ ಹೊತ್ತಿಗೆ ಊರಲ್ಲಿ ಮನೆಗಳು ಏಳುತ್ತಿದ್ದವು. ಮನೆ ಕಳೆದುಕೊಂಡ ಕುಟುಂಬಕ್ಕೆ ಅಲ್ಲಿನ ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು. ನಮ್ಮ ದುಡ್ಡಲ್ಲಿ ಎರಡು ಲಕ್ಷಕ್ಕೂ ಕಡಿಮೆ. ಅದೂ ಮೂರು ಕಂತು, ಮೊದಲು 50 ಸಾವಿರ, ಆಮೇಲೆ ಒಂದೂವರೆ ಲಕ್ಷ, ಕೊನೆಗೆ ಒಂದು ಲಕ್ಷ. ಪ್ರತಿ ಹಂತಕ್ಕೂ ಎಂಜಿನಿಯರ್ ಬಂದು ನೋಡಿ ಸರಿ ಅನ್ನಬೇಕು. ಗೋಡೆ ಸುತ್ತ ಬೆಲ್ಟ್ ಕಟ್ಟಿದ ಹಾಗೆ ಮರದ್ದೋ ಕಾಂಕ್ರೀಟಿನದೋ ಪಟ್ಟಿ ಬೇಕು, ಹಾಯುವ ಕಲ್ಲು ಬೇಕು, ಮೇಲೆ ಭಾರ ಇರಬಾರದು. ಒಂದು ತಪ್ಪಿದರೂ ಮುಂದಿನ ಕಂತು ಇಲ್ಲ. ದಾಯ್ ಏಳು ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಗೊಂಡಿದ್ದರು. ದೇವರ ಫೋಟೊ ಪಕ್ಕ ಅದನ್ನು ನೇತುಹಾಕಿದ್ದರು. ಅದರ ಪಕ್ಕದ ಮೊಳೆಗೆ ನನ್ನ ರಸಮಟ್ಟ. ಊರಿನ ಒಂದೊಂದು ಗೋಡೆಯ ಮೇಲೂ ಅದು ಕೂತು ಎದ್ದಿತ್ತು, ಅಂಚೆಲ್ಲ ಸವೆದಿತ್ತು.

ಈ ಸಲ ನಾನು ಸ್ವಲ್ಪ ಉಪಯೋಗಕ್ಕೆ ಬಂದೆ ಅನ್ನಬಹುದು. ಕಲ್ಲು ಹೊರೋಕೆ ಅಲ್ಲಿ ನನಗಿಂತ ಗಟ್ಟಿ ಜನ ಇದ್ದರು. ಎಂಜಿನಿಯರ್ ಬರುವ ಮುಂಚೆ ನಾನೂ ದಾಯ್‌ನೂ ಮನೆಮನೆ ಸುತ್ತಿ, ಅವರು ಏನೇನು ತಪ್ಪು ಹಿಡಿಯಬಹುದು ಅಂತ ನೋಡುತ್ತಿದ್ದೆವು. ಓನರ್ ಹತ್ತಿರ ಬೈಸಿಕೊಂಡ ಅನುಭವ ಇಲ್ಲಿ ಕೈಹಿಡಿಯಿತು. ಒಬ್ಬ ಅಜ್ಜಿಯ ಮನೆಯಲ್ಲಿ ಮರದ ಪಟ್ಟಿ ಮೂಲೆಯಲ್ಲಿ ಕೂಡಿಯೇ ಇರಲಿಲ್ಲ, ಸುಮ್ನೆ ಒಂದರ ಪಕ್ಕ ಒಂದು ಮಲಗಿಸಿದ್ದರು. ಎರಡು ದಿನ ಮೂಲೆ ಬಿಚ್ಚಿ ಮತ್ತೆ ಕಟ್ಟಿದೆವು. ಮೊದಲ ಸಲ ನನಗೆ ಮಾಲೆ ಹಾಕಿದ ಅಜ್ಜಿ ಅವರೇ. ಈ ಸಲ ಮೂಲೆ ಬಿಚ್ಚಿದ್ದಕ್ಕೆ ಎರಡೂ ದಿನ ನನ್ನನ್ನು ಬೈದರು.

ಹೊರಡುವಾಗ ನೋಟ್‌ಬುಕ್ ಬಂತು. ದಾಯ್ ಹಳೇ ಪುಟ ತೆಗೆದು ನನ್ನ ಕನ್ನಡ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿದರು. ಅಂಥ ಗೀಟು ಎಷ್ಟಿವೆ ಅಂತ ಪುಟ ತಿರುವಿದೆ. ನನ್ನದು ಬಿಟ್ಟು ಇನ್ನೊಂದು ಇತ್ತು.

ಬಾರದವರನ್ನು ನಾನು ಬೈಯಲ್ಲ. ಮಕ್ಕಳ ಫೀಸು, ಅಪ್ಪ ಅಮ್ಮನ ಆಸ್ಪತ್ರೆ, ರಜೆ ಸಿಗಲ್ಲ. ನನ್ನ ದಾವಣಗೆರೆ ಗೆಳೆಯ ಮತ್ತೆ ಹೋಗಲೇ ಇಲ್ಲ, ಆದರೆ ಆ ಶಾಲೆಯ ಇಬ್ಬರು ಮಕ್ಕಳ ಖರ್ಚಿಗೆ ಇವತ್ತಿಗೂ ದುಡ್ಡು ಕೊಡುತ್ತಾನೆ. ಯಾರಿಗೂ ಹೇಳಲ್ಲ. ಇದನ್ನು ಓದಿದರೆ ನನ್ನ ಮೇಲೆ ರೇಗುತ್ತಾನೆ.

2019ರಲ್ಲಿ ದಾಯ್ ಮಗಳ ಮದುವೆಗೆ ಹೋಗಿ ಬಂದೆ. ಅದರಲ್ಲಿ ಸೇವೆ ಗೀವೆ ಏನೂ ಇಲ್ಲ. ಊಟ, ಕುಣಿತ, ಮೂರು ದಿನ ನಿದ್ದೆಗೇಡು.

ಆಮೇಲೆ ಕೊರೊನಾ. 2021ರ ಜೂನ್‌ನಲ್ಲಿ ಮೆಲಮ್ಚಿ ನದಿಗೆ ಪ್ರವಾಹ ಬಂದು ಕೆಳಗಿನ ಬಜಾರಿಗೆ ಬಜಾರೇ ಮುಳುಗಿದ ಸುದ್ದಿ ಮೊಬೈಲಲ್ಲಿ ನೋಡಿದೆ. ಎರಡು ದಿನ ದಾಯ್ ಫೋನು ಸಿಗಲಿಲ್ಲ. ನಮ್ಮಲ್ಲೂ ಆಗ ಎರಡನೇ ಅಲೆ, ಯಾವ ಫೋನ್ ಬಂದರೂ ಎದೆ ಧಸಕ್ ಅನ್ನುವ ಕಾಲ. ಮೂರನೇ ದಿನ ಅವರೇ ಮಾಡಿದರು. "ನಾವು ಮೇಲಿದ್ದೀವಿ ಭಾಯ್, ನೀರು ಹತ್ತಲ್ಲ. ನಿಮ್ಮಲ್ಲಿ ಅಮ್ಮ ಹುಷಾರಾ?" ಅಷ್ಟೇ ಮಾತಾಡಿದ್ದು. ಅಮ್ಮ ಪಕ್ಕದಲ್ಲಿ ನಿಂತು, "ಯಾರು, ನಿನ್ನ ಬೆಟ್ಟದ ಅಣ್ಣನಾ?" ಅಂದಳು.

2023ರ ಡಿಸೆಂಬರ್‌ನಲ್ಲಿ ಆ ಬೆಟ್ಟದ ಅಣ್ಣ ಚಿತ್ರದುರ್ಗಕ್ಕೇ ಬಂದರು. ಬೆಂಗಳೂರಿನ ಹೋಟೆಲಲ್ಲಿ ಕೆಲಸ ಮಾಡುವ ಅಕ್ಕನ ಮಗನನ್ನು ನೋಡೋಕೆ ಬಂದವರು, ಬಸ್ಸು ಹತ್ತಿ ಇಲ್ಲಿಗೂ. ಒಂದು ತಿಂಗಳ ಹಿಂದಷ್ಟೇ ಪಶ್ಚಿಮ ನೇಪಾಳದ ಜಾಜರ್‌ಕೋಟ್‌ನಲ್ಲಿ ನಡುರಾತ್ರಿ ನೆಲ ನಡುಗಿ 150ಕ್ಕೂ ಹೆಚ್ಚು ಜನ ಸತ್ತಿದ್ದರು. ಅದೇ ಎರಡು ಮೈಯ ಗೋಡೆಗಳು. ಆ ಮಾತು ಬಂದಾಗ ದಾಯ್ ತಲೆ ಅಲ್ಲಾಡಿಸಿ ಸುಮ್ಮನಾದರು.

ಮಾರನೆ ದಿನ ಕೋಟೆಗೆ ಕರೆದುಕೊಂಡು ಹೋದೆ. ನಾನು ಮದಕರಿ ನಾಯಕ, ಹೈದರಾಲಿ, ಓಬವ್ವನ ಒನಕೆ ಅಂತ ಕಥೆ ಹೇಳುತ್ತಿದ್ದರೆ ಅವರ ಕಣ್ಣೆಲ್ಲ ಗೋಡೆ ಮೇಲೆ. ಎರಡು ಕಲ್ಲಿನ ಸಂದಿಗೆ ಉಗುರು ತೂರಿಸೋಕೆ ನೋಡಿದರು. ಹೋಗಲಿಲ್ಲ. "ಮಾಟೊ ಖೋಯ್?" ಮಣ್ಣೆಲ್ಲಿ? ಇಲ್ಲ ಅಂದೆ. ಗಾರೆ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಬಂಡೆ ಸೀಳೋಕೆ ಸಾಲಾಗಿ ಕೊರೆದ ತೂತುಗಳ ಹತ್ತಿರ ಕಾಲು ಗಂಟೆ ಕೂತರು. ಒಂದೊಂದರೊಳಗೂ ಬೆರಳಿಟ್ಟು ಆಳ ನೋಡಿದರು. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು ಇವರನ್ನೇ ನೋಡಿಕೊಂಡು ಹೋದರು. ಒನಕೆ ಕಿಂಡಿ ಹತ್ತಿರ ಕೊನೆಗೂ ಬಾಯಿಬಿಟ್ಟರು. "ಇಲ್ಲಿ ನೆಲ ಅಲುಗಲ್ವಾ?" "ಇಲ್ಲ ಅಂತಲೇ ಹೇಳಬಹುದು ದಾಯ್." "ಅದಕ್ಕೇ ನಿಮ್ಮ ಗೋಡೆಗಳಿಗೆ ಇಷ್ಟು ಧೈರ್ಯ" ಅಂದರು.

ರಾತ್ರಿ ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ತಟ್ಟೆಯಲ್ಲಿ ದುಂಡಗೆ ಕೂತ ಮುದ್ದೆ ನೋಡಿ ದಾಯ್ ನನ್ನ ಕಡೆ ತಿರುಗಿ ನಕ್ಕರು. ಮುರಿದರು, ಅದ್ದಿದರು, ನುಂಗಿದರು. ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. "ಅಗೀಲಿಲ್ಲ ನೋಡು. ನಮ್ಮ ಪೈಕಿನೇ ಬಿಡು ಇವನು" ಅಂತ ಕೇಳದೇ ಇನ್ನೊಂದು ಹಾಕಿದಳು.

ಹೊರಡುವ ದಿನ ದಾಯ್ ಪೆನ್ನು ಕೇಳಿದರು. ನಮ್ಮ ಮನೆಯಲ್ಲಿ ಅಂಥ ಪುಸ್ತಕ ಎಲ್ಲಿದೆ? ಅಮ್ಮ ಹಾಲಿನ ಲೆಕ್ಕದ ಪುಸ್ತಕ ತಂದುಕೊಟ್ಟಳು. ಡಿಸೆಂಬರ್ ಲೆಕ್ಕದ ಕೆಳಗೆ ನಾಲ್ಕು ಸಾಲು ಗೀಚಿ, ಓದಿ ಹೇಳಿ ಅಂದರೆ ಹೇಳದೆ, ಬಸ್ಸು ಹತ್ತಿದರು. ನನಗೆ ಹಿಂದಿ ಓದೋಕೆ ಬರುತ್ತದೆ, ಆ ಕೈಬರಹದ ನೇಪಾಳಿ ಬಗೆಹರಿಯಲಿಲ್ಲ.

ಜನವರಿ ಮೊದಲ ವಾರ ಗೂರ್ಖಾ ದುಡ್ಡಿಗೆ ಬಂದ. ಒಳಗೆ ಕರೆದು, ಕಾಫಿ ಕೊಟ್ಟು, ಪುಸ್ತಕ ಕೊಟ್ಟೆ. ಅವನು ಬೆರಳಿಟ್ಟು ಒಂದೊಂದೇ ಪದ ಓದಿ ಹಿಂದಿಯಲ್ಲಿ ಹೇಳಿದ.

"ಢಿಂಡೋ ಚೆನ್ನಾಗಿತ್ತು, ಉಪ್ಪು ಕಡಿಮೆ. ಹಿತ್ತಿಲ ಕಾಂಪೌಂಡ್ ಗೋಡೆ ಎಡಮೂಲೆಯಲ್ಲಿ ಬಿರುಕು ಬಿಟ್ಟಿದೆ. ಭಾಯ್ ಅದಕ್ಕೆ ಮೇಲೆ ಸಿಮೆಂಟ್ ಬಳಿದು ಮುಚ್ಚೋದು ಬೇಡ. ನಾನು ಬಂದು ಬಿಚ್ಚಿ ಕಟ್ತೀನಿ."

"ಮುದ್ದೆಗೆ ಯಾರಾದ್ರೂ ಉಪ್ಪು ಹಾಕ್ತಾರಾ?" ಅಂತ ಅಮ್ಮ ಮೊದಲು ರೇಗಿದಳು. ಆಮೇಲೆ, "ಯಾವಾಗ ಬರ್ತಾನಂತೆ?"

ಗೂರ್ಖಾ ಇನ್ನೊಂದು ಸಲ ನೋಡಿದ. ಅದು ಬರೆದಿಲ್ಲ ಅಮ್ಮಾ ಅಂದ.

ಹೋದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಪೇಂಟರ್ ಹುಡುಗ ಹಿತ್ತಿಲಿಗೆ ಹೋಗಿ, "ಸಾರ್, ಈ ಮೂಲೆಗೆ ಒಂದು ಪ್ಯಾಚ್ ಹಾಕಿಬಿಡ್ಲಾ?" ಅಂತ ಕೂಗಿದ. ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಅಮ್ಮನ ದನಿ ಬಂತು. "ಏಯ್, ಅದನ್ನ ಮುಟ್ಬೇಡ ಕಣಪ್ಪಾ. ಅದಕ್ಕೆ ಬೇರೆ ಜನ ಇದ್ದಾರೆ."